ಪರದೇಶದಲ್ಲಿ ಆಸ್ತಿ ಖರೀದಿ: ಬೆಳಗಾವಿಯ ಉದ್ಯಮಿಗಳು ಅರಿತಿರಬೇಕಾದ ಸಂಗತಿಗಳು

1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗುವವರೆಗೆ ಬೆಳಗಾವಿಯ ವ್ಯಾಪಾರಿಗೆ ಪರದೇಶವೆಂಬುದು ಬಹು ದೂರದ ಮಾತಾಗಿರಲಿಲ್ಲ. ಖಾನಾಪುರ, ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ಅಲ್ಲಿಗೆ ಈ ಕಡೆಯ ಆಡಳಿತ ಮುಗಿದು ಪೋರ್ತುಗೀಜರ ಸೀಮೆ ಆರಂಭವಾಗುತ್ತಿತ್ತು. ಘಟ್ಟದ ಕೆಳಗೆ ಬಂಧುಬಳಗವಿದ್ದ ಕುಟುಂಬಗಳಿಗೆ ಅಲ್ಲಿಯ ಮನೆ ಅಥವಾ ತೋಟದ ವ್ಯವಹಾರವೆಂದರೆ ಬೇರೊಂದು ದೇಶದ ನೋಂದಣಿ ಕಚೇರಿ, ಬೇರೊಂದು ದೇಶದ ವಾರಸಾ ಕಾನೂನು. ಗಡಿ ಅಳಿದು ಆರು ದಶಕಗಳು ಸಂದಿವೆ. ಆದರೆ ಆ ಕಾನೂನಿನ ನೆರಳು ಇನ್ನೂ ಬೆಳಗಾವಿಯ ಖರೀದಿ ಪತ್ರಗಳ ಮೇಲೆ ಬೀಳುತ್ತಿದೆ ಎಂಬುದನ್ನು ಈ ಲೇಖನದ ಕೊನೆಯ ಭಾಗದಲ್ಲಿ ಕಾಣಬಹುದು.

ಇಂದಿನ ಪರದೇಶವೆಂದರೆ ದುಬೈ, ಲಂಡನ್, ಲಿಸ್ಬನ್, ಸಿಂಗಪುರ. ಉದ್ಯಮಬಾಗ, ಮಚ್ಛೆ, ಹೊನಗಾಗಳ ಫೌಂಡ್ರಿ ಹಾಗೂ ಹೈಡ್ರಾಲಿಕ್ ಬಿಡಿಭಾಗಗಳ ಘಟಕಗಳ ಸರಕು ಹೊರದೇಶಗಳಿಗೆ ಹೋಗುತ್ತಿದ್ದಂತೆ ಮಾಲೀಕರ ಓಡಾಟವೂ ಹೆಚ್ಚಿದೆ, ಮಕ್ಕಳ ವ್ಯಾಸಂಗವೂ ಅತ್ತ ಸಾಗಿದೆ. ಬೆಂಗಳೂರು, ಪುಣೆಗಳ ಹೋಟೆಲುಗಳಲ್ಲಿ ದುಬೈನ ಬಿಲ್ಡರುಗಳು ಪ್ರದರ್ಶನ ಏರ್ಪಡಿಸಿ, ಅಲ್ಪ ಮೊತ್ತದ ಇಸಾರಕ್ಕೆ ಫ್ಲಾಟು ಬುಕ್ ಮಾಡಿಸಿಕೊಳ್ಳುವುದು ಈಗ ಸಾಮಾನ್ಯ. ಅವರು ಹಂಚುವ ಬಣ್ಣದ ಪುಸ್ತಿಕೆಯಲ್ಲಿ ಬಾಡಿಗೆಯ ಪ್ರತಿಶತ, ಈಜುಕೊಳದ ಚಿತ್ರ, ನಿವಾಸಿ ವೀಸಾದ ಆಶ್ವಾಸನೆ ಎಲ್ಲವೂ ಇರುತ್ತವೆ. ಭಾರತದ ಕಾನೂನು ಮಾತ್ರ ಇರುವುದಿಲ್ಲ. ವಿದೇಶದಲ್ಲಿ ಆಸ್ತಿ ಕೊಳ್ಳುವ ಭಾರತೀಯ ನಿವಾಸಿ ಏಕಕಾಲಕ್ಕೆ ಎರಡು ದೇಶಗಳ ಕಾನೂನಿಗೆ ಒಳಪಡುತ್ತಾನೆ. ಅಲ್ಲಿಯ ಕಾನೂನು ಮಾರಾಟದ ದಿನ ಮುಗಿಯಬಹುದು, ಇಲ್ಲಿಯದು ಪ್ರತಿ ವರ್ಷವೂ ಲೆಕ್ಕ ಕೇಳುತ್ತದೆ.

ಹಣ ಹೋಗುವ ದಾರಿ

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ (ಫೆರಾ) ಕಾಲದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಭಾರತದ ನಿವಾಸಿಯು ಹೊರದೇಶದಲ್ಲಿ ಸ್ಥಿರಾಸ್ತಿ ಹೊಂದುವಂತಿರಲಿಲ್ಲ. 2000ದ ಜೂನ್ 1ರಂದು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ (ಫೆಮಾ) ಜಾರಿಗೆ ಬಂದಿತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ಹಣ ರವಾನೆ ಯೋಜನೆಯನ್ನು, ಅಂದರೆ ಎಲ್‌ಆರ್‌ಎಸ್ ಅನ್ನು ಪ್ರಕಟಿಸಿತು. ಆರಂಭದಲ್ಲಿ ಮಿತಿ 25,000 ಡಾಲರ್. 2007ರ ಸೆಪ್ಟೆಂಬರ್ ಹೊತ್ತಿಗೆ ಅದು 2 ಲಕ್ಷ ಡಾಲರಿಗೆ ಏರಿತು. ರೂಪಾಯಿ ಕುಸಿಯುತ್ತಿದ್ದ 2013ರ ಆಗಸ್ಟ್‌ನಲ್ಲಿ ಮಿತಿಯನ್ನು ಒಮ್ಮೆಲೇ 75,000ಕ್ಕೆ ಇಳಿಸಿ, ಈ ಯೋಜನೆಯಡಿ ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದನ್ನೇ ನಿಲ್ಲಿಸಲಾಯಿತು. ಮುಂದಿನ ವರ್ಷ ಬಾಗಿಲು ಮತ್ತೆ ತೆರೆಯಿತು. 2015ರಿಂದ ಮಿತಿಯು ಒಬ್ಬ ವ್ಯಕ್ತಿಗೆ ಒಂದು ಆರ್ಥಿಕ ವರ್ಷಕ್ಕೆ 2 ಲಕ್ಷ 50 ಸಾವಿರ ಡಾಲರ್. ಈ ಏರಿಳಿತವನ್ನು ಇಲ್ಲಿ ನೆನಪಿಸಲು ಕಾರಣವಿದೆ. ನಾಲ್ಕೈದು ವರ್ಷಗಳ ಕಂತಿನ ಒಪ್ಪಂದಕ್ಕೆ ಸಹಿ ಹಾಕುವವರು, ನಡುವೆ ಎಂದಾದರೂ ಈ ಬಾಗಿಲು ಕಿರಿದಾಗಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

2022ರ ಆಗಸ್ಟ್ 22ರಿಂದ ಈ ವಿಷಯವನ್ನು ಸಾಗರೋತ್ತರ ಹೂಡಿಕೆ ನಿಯಮಗಳು ನಿರ್ದೇಶಿಸುತ್ತಿವೆ. ಅವುಗಳ ಪ್ರಕಾರ ನಿವಾಸಿ ವ್ಯಕ್ತಿಯು ಎಲ್‌ಆರ್‌ಎಸ್ ಹಣದಿಂದ, ಅಥವಾ ತನ್ನ ನಿವಾಸಿ ವಿದೇಶಿ ಕರೆನ್ಸಿ ಖಾತೆಯ ಹಣದಿಂದ, ಅಥವಾ ಕಾನೂನುಬದ್ಧವಾಗಿ ಗಳಿಸಿದ ವಿದೇಶಿ ಆಸ್ತಿಯ ಉತ್ಪನ್ನದಿಂದ ಸ್ಥಿರಾಸ್ತಿ ಕೊಳ್ಳಬಹುದು. ಸಂಬಂಧಿಕರು ತಮ್ಮ ತಮ್ಮ ಮಿತಿಗಳನ್ನು ಒಟ್ಟುಗೂಡಿಸಬಹುದು. ಗಲ್ಫ್‌ನಲ್ಲಿ ದುಡಿಯುತ್ತಿದ್ದಾಗ ಕೊಂಡ ಮನೆಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾದ 6(4)ನೇ ಕಲಮು ಅವಕಾಶ ನೀಡುತ್ತದೆ. ಹೊರದೇಶದ ನಿವಾಸಿಯಾಗಿದ್ದವರಿಂದ ವಾರಸಾ ಹಕ್ಕಿನಲ್ಲಿ ಬಂದದ್ದಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಇನ್ನು ಲೆಕ್ಕ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಒಬ್ಬರ ವಾರ್ಷಿಕ ಮಿತಿ 2 ಕೋಟಿ 12 ಲಕ್ಷ 50 ಸಾವಿರ ರೂಪಾಯಿ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂತಹ ರವಾನೆಯ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುತ್ತದೆ. ಅಂದರೆ ಪೂರ್ಣ ಮಿತಿ ಬಳಸುವವನು 40 ಲಕ್ಷ 50 ಸಾವಿರ ರೂಪಾಯಿಗಳನ್ನು ಹೆಚ್ಚುವರಿಯಾಗಿ ಕಟ್ಟಬೇಕು. ಇದು ಖರ್ಚಲ್ಲ, ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಅಥವಾ ಮರಳಿ ಬರುವ ಹಣ ಎಂದು ಏಜೆಂಟರು ಸಮಾಧಾನ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಕಚ್ಚಾ ಕಬ್ಬಿಣಕ್ಕೂ ವಿದ್ಯುತ್ ಬಿಲ್ಲಿಗೂ ತಿಂಗಳ ತಿಂಗಳ ಹಣ ಹೊಂದಿಸುವ ಸಣ್ಣ ಉದ್ಯಮಿಗೆ 40 ಲಕ್ಷ ರೂಪಾಯಿ ಹಲವು ತಿಂಗಳು ಸರ್ಕಾರದ ಖಜಾನೆಯಲ್ಲಿ ಕುಳಿತರೆ ಅದರ ಬಡ್ಡಿ ಯಾವ ಖಾತೆಗೆ ಎಂಬುದನ್ನು ಆತನೇ ಯೋಚಿಸಬೇಕು.

ದುಬೈನ ಹತ್ತು ವರ್ಷದ ‘ಗೋಲ್ಡನ್ ವೀಸಾ’ ಪಡೆಯಲು ಆಸ್ತಿಯ ಬೆಲೆ ಕನಿಷ್ಠ 20 ಲಕ್ಷ ದಿರಹಮ್ ಇರಬೇಕು. ದಿರಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಇದು ಸುಮಾರು 5 ಲಕ್ಷ 45 ಸಾವಿರ ಡಾಲರಾಗುತ್ತದೆ. ಗಂಡ ಹೆಂಡತಿ ಇಬ್ಬರ ಒಂದು ವರ್ಷದ ಮಿತಿ ಸೇರಿಸಿದರೂ 5 ಲಕ್ಷವೇ. ಹೀಗಾಗಿ ಮೂರನೆಯವರು ಬೇಕು, ಇಲ್ಲವೇ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಕೊರತೆಯನ್ನು ಇಲ್ಲಿಯ ಬ್ಯಾಂಕಿನ ಸಾಲದಿಂದ ತುಂಬಿಸುವಂತಿಲ್ಲ. ಎಲ್‌ಆರ್‌ಎಸ್ ಅಡಿ ಇಂತಹ ಬಂಡವಾಳ ರವಾನೆಗೆ ಬ್ಯಾಂಕುಗಳು ಸಾಲ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿರ್ದೇಶನ. ಕಬ್ಜಾ ಪಡೆದ ಮೇಲೂ ವರ್ಷಗಟ್ಟಲೆ ಕಂತು ಕಟ್ಟುವ ಬಿಲ್ಡರುಗಳ ಯೋಜನೆಯು ಸಾಲದ ಸ್ವರೂಪಕ್ಕೆ ಹತ್ತಿರವಾದುದರಿಂದ, ಅಂತಹ ಕರಾರಿಗೆ ಒಪ್ಪುವ ಮೊದಲು ಬ್ಯಾಂಕಿನಿಂದ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮಕರ.

ಸಂಸ್ಥೆಯ ಹಣ, ಮಾಲೀಕನ ಮನೆ

ಉದ್ಯಮಿಗಳು ಎಡವುವ ಸಂಭವ ಹೆಚ್ಚಿರುವುದು ಇಲ್ಲಿಯೇ. ಎಲ್‌ಆರ್‌ಎಸ್ ಸೌಲಭ್ಯವು ನಿವಾಸಿ ವ್ಯಕ್ತಿಗಳಿಗೆ ಮಾತ್ರ ಮೀಸಲು. ಅಪ್ರಾಪ್ತ ಮಕ್ಕಳಿಗೂ ಅದು ದೊರೆಯುತ್ತದೆ, ಆದರೆ ಪಾಲುದಾರಿಕೆ ಸಂಸ್ಥೆಗೆ, ಕಂಪನಿಗೆ, ಟ್ರಸ್ಟಿಗೆ, ಹಿಂದೂ ಅವಿಭಕ್ತ ಕುಟುಂಬಕ್ಕೆ ದೊರೆಯುವುದಿಲ್ಲ. ತಂದೆ, ಚಿಕ್ಕಪ್ಪ, ಅಣ್ಣತಮ್ಮಂದಿರು ಪಾಲುದಾರರಾಗಿ ಒಂದೇ ತಿಜೋರಿಯಿಂದ ನಡೆಸುವ ಅಂಗಡಿ, ಕಾರ್ಖಾನೆಗಳಲ್ಲಿ ಮನೆಯ ಹಣ ಯಾವುದು, ಸಂಸ್ಥೆಯ ಹಣ ಯಾವುದು ಎಂಬ ಗೆರೆ ಅನೇಕ ವೇಳೆ ತೆಳುವಾಗಿರುತ್ತದೆ. ಸಂಸ್ಥೆಯ ಚಾಲ್ತಿ ಖಾತೆಯಿಂದ ನೇರವಾಗಿ ದುಬೈನ ಬಿಲ್ಡರಿಗೆ ಹಣ ಕಳುಹಿಸುವುದು ನಿಯಮಬಾಹಿರ. ಪಾಲುದಾರನು ತನ್ನ ಪಾಲಿನ ಹಣವನ್ನು ಮೊದಲು ತನ್ನ ವೈಯಕ್ತಿಕ ಖಾತೆಗೆ ಲೆಕ್ಕಪತ್ರಸಹಿತ ಪಡೆದು, ಪ್ಯಾನ್ ಸಂಖ್ಯೆ ನಮೂದಿಸಿ, ಎ2 ನಮೂನೆ ತುಂಬಿ, ಅಧಿಕೃತ ಬ್ಯಾಂಕಿನ ಮೂಲಕ, ಉದ್ದೇಶವನ್ನು ಮರೆಮಾಚದೆ ಕಳುಹಿಸಬೇಕು. ‘ಸಂಬಂಧಿಕರ ಪೋಷಣೆ’ ಎಂದು ಬರೆದು ಫ್ಲಾಟಿನ ಕಂತು ಕಟ್ಟುವುದು ಸುಲಭವಾಗಿ ಕಾಣಬಹುದು. ಮುಂದೆ ಆ ಫ್ಲಾಟು ಮಾರಿ ಹಣ ಮರಳಿ ತರುವಾಗ ಅದೇ ಕಾಗದ ಎದುರಾಳಿಯಾಗುತ್ತದೆ.

ರಫ್ತುದಾರರಿಗೆ ಇನ್ನೊಂದು ಆಮಿಷವಿದೆ. ಹೊರದೇಶದ ಖರೀದಿದಾರನೇ ಬಿಲ್ಲಿನ ಒಂದಂಶವನ್ನು ಅಲ್ಲಿಯೇ ಉಳಿಸಿಕೊಂಡು ಬಿಲ್ಡರಿಗೆ ಪಾವತಿಸಿದರೆ ಹಣ ಇತ್ತ ಬಂದು ಅತ್ತ ಹೋಗುವ ತೊಂದರೆಯೇ ಇಲ್ಲವಲ್ಲ ಎಂಬುದು ಆ ವಾದ. ರಫ್ತಿನ ಪೂರ್ಣ ಮೌಲ್ಯವನ್ನು ನಿಗದಿತ ಅವಧಿಯೊಳಗೆ ದೇಶಕ್ಕೆ ತರಲೇಬೇಕೆಂಬುದು ಫೆಮಾದ ಮೂಲ ಷರತ್ತು. ಆದ್ದರಿಂದ ಇದು ಒಂದು ತಪ್ಪಲ್ಲ, ಎರಡು ತಪ್ಪು: ರಫ್ತು ಹಣ ಬಾಕಿ ಉಳಿಸಿದ್ದು ಒಂದು, ಅದರಿಂದ ಆಸ್ತಿ ಕೊಂಡದ್ದು ಇನ್ನೊಂದು.

ಕಂಪನಿಗಳಿಗೆ ದಾರಿಯೇ ಇಲ್ಲವೆಂದಲ್ಲ. ಹೊರದೇಶದಲ್ಲಿ ಕಚೇರಿ ಹೊಂದಿರುವ ಭಾರತೀಯ ಸಂಸ್ಥೆಯು ತನ್ನ ವ್ಯವಹಾರಕ್ಕಾಗಿ ಹಾಗೂ ಸಿಬ್ಬಂದಿಯ ವಸತಿಗಾಗಿ ಸ್ಥಿರಾಸ್ತಿ ಕೊಳ್ಳಬಹುದು. ಆರಂಭಿಕ ವೆಚ್ಚಕ್ಕೆ ಕಳೆದ ಎರಡು ವರ್ಷಗಳ ಸರಾಸರಿ ವಹಿವಾಟಿನ ಶೇ. 15 ಅಥವಾ ನಿವ್ವಳ ಮೌಲ್ಯದ ಶೇ. 25, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಮಿತಿ. ಆವರ್ತಕ ವೆಚ್ಚಕ್ಕೆ ಸರಾಸರಿ ವಹಿವಾಟಿನ ಶೇ. 10. ಜರ್ಮನಿಯಲ್ಲೋ ಶಾರ್ಜಾದಲ್ಲೋ ಗೋದಾಮು, ಮಾರಾಟ ಕಚೇರಿ ತೆರೆಯುವ ಘಟಕಗಳಿಗೆ ಇದು ಉಪಯುಕ್ತ. ಆದರೆ ಮನೆಗಳನ್ನು ಕೊಂಡು ಮಾರುವುದಕ್ಕಾಗಿಯೇ ಅಲ್ಲೊಂದು ಕಂಪನಿ ಸ್ಥಾಪಿಸಿ ಇಲ್ಲಿಂದ ಬಂಡವಾಳ ಹೂಡುವುದು 2022ರ ನಿಯಮಗಳಲ್ಲಿ ನಿಷಿದ್ಧ.

ಮುಚ್ಚಿಟ್ಟರೆ ಏನಾಗುತ್ತದೆ

2015ರ ಜುಲೈ 1ರಿಂದ ಜಾರಿಯಲ್ಲಿರುವ ಕಪ್ಪುಹಣ ಕಾಯಿದೆಯು ಬಹಿರಂಗಪಡಿಸದ ವಿದೇಶಿ ಆಸ್ತಿಯ ಮೌಲ್ಯದ ಮೇಲೆ ಶೇ. 30 ತೆರಿಗೆಯನ್ನೂ, ಆ ತೆರಿಗೆಯ ಮೂರು ಪಟ್ಟು ದಂಡವನ್ನೂ ವಿಧಿಸುತ್ತದೆ. ಒಂದು ಕೋಟಿಯ ಫ್ಲಾಟಿಗೆ 30 ಲಕ್ಷ ತೆರಿಗೆ, 90 ಲಕ್ಷ ದಂಡ. ಆಸ್ತಿಯ ಬೆಲೆಗಿಂತ ಹೊಣೆಯೇ ದೊಡ್ಡದು. ಹಣದ ಮೂಲ ಶುದ್ಧವಾಗಿದ್ದರೂ ರಿಟರ್ನಿನ ‘ಷೆಡ್ಯೂಲ್ ಎಫ್‌ಎ’ಯಲ್ಲಿ ನಮೂದಿಸಲು ಮರೆತರೆ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. 2024ರ ಅಕ್ಟೋಬರ್ 1ರಿಂದ 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಈ ದಂಡದಿಂದ ವಿನಾಯಿತಿ ಬಂದಿದೆಯಾದರೂ ಅದು ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ಪತ್ನಿಯ ಹೆಸರು ಜಂಟಿಯಾಗಿದ್ದರೆ, ಆಕೆಗೆ ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೂ ರಿಟರ್ನ್ ಸಲ್ಲಿಸಬೇಕಾಗುತ್ತದೆ ಎಂಬುದು ಹಲವು ಮನೆಗಳಿಗೆ ತಿಳಿದಂತಿಲ್ಲ. ಈ ಅನುಸೂಚಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದಲ್ಲ, ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು.

ಫೆಮಾದ ಅಸ್ತ್ರ ಬೇರೆ. ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಜೊತೆಗೆ 2015ರಲ್ಲಿ ಸೇರಿಸಿದ 37ಎ ಕಲಮಿನ ಪ್ರಕಾರ, ವಿದೇಶದಲ್ಲಿ ನಿಯಮ ಮೀರಿ ಆಸ್ತಿ ಹೊಂದಿರುವ ಅನುಮಾನಕ್ಕೆ ಆಧಾರವಿದ್ದರೆ ಅದಕ್ಕೆ ಸಮಾನ ಮೌಲ್ಯದ ಆಸ್ತಿಯನ್ನು ಭಾರತದಲ್ಲಿಯೇ ಜಪ್ತಿ ಮಾಡಬಹುದು. ಸಮುದ್ರದಾಚೆಯ ಫ್ಲಾಟಿನ ಸಲುವಾಗಿ ಉದ್ಯಮಬಾಗದ ಶೆಡ್ಡಿಗೆ ಬೀಗ ಬೀಳುವುದೆಂದರೆ ಹೀಗೆ. ಹವಾಲಾ ದಾರಿ ಹಿಡಿಯುವವರು ಈ ಕಲಮನ್ನು ಒಮ್ಮೆ ಓದುವುದು ಒಳಿತು. ಬಾಡಿಗೆ ಜಮೆಯಾಗುವ ವಿದೇಶಿ ಬ್ಯಾಂಕ್ ಖಾತೆಯ ವಿವರಗಳು ದೇಶದೇಶಗಳ ನಡುವಿನ ಸ್ವಯಂಚಾಲಿತ ಮಾಹಿತಿ ವಿನಿಮಯದ ಮೂಲಕ ಆದಾಯ ತೆರಿಗೆ ಇಲಾಖೆಗೆ ತಲುಪುತ್ತಿವೆ. 2024ರ ನವೆಂಬರ್‌ನಲ್ಲಿ ಇಲಾಖೆಯು ಇಂತಹ ಮಾಹಿತಿಯ ಆಧಾರದಲ್ಲಿಯೇ ತೆರಿಗೆದಾರರಿಗೆ ಸಂದೇಶಗಳನ್ನು ಕಳುಹಿಸಿತು.

ಬಾಡಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಹರಡಿದೆ. ದುಬೈನಲ್ಲಿ ವ್ಯಕ್ತಿಗಳ ಬಾಡಿಗೆ ಆದಾಯಕ್ಕೆ ತೆರಿಗೆಯಿಲ್ಲ ಎಂಬುದು ನಿಜ. ಭಾರತದ ನಿವಾಸಿಗೆ ಜಗತ್ತಿನ ಎಲ್ಲೆಡೆಯ ಆದಾಯವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ ಎಂಬುದೂ ಅಷ್ಟೇ ನಿಜ. ಅಂತೆಯೇ, ಹಿಂದೆ ಇಲ್ಲಿಯ ಮನೆ ಅಥವಾ ಪ್ಲಾಟು ಮಾರಿ ವಿದೇಶದಲ್ಲಿ ಮನೆ ಕೊಂಡವರಿಗೂ ಬಂಡವಾಳ ಲಾಭದ ವಿನಾಯಿತಿ ದೊರೆಯಬೇಕೆಂದು ಕೆಲವು ನ್ಯಾಯಮಂಡಳಿಗಳು ಹೇಳಿದ್ದುಂಟು. 2014ರ ಹಣಕಾಸು ಕಾಯಿದೆ ಆ ಚರ್ಚೆಯನ್ನು ಮುಗಿಸಿತು. ಹೊಸ ಮನೆ ಭಾರತದಲ್ಲಿಯೇ ಇರಬೇಕು. ಟಿಳಕವಾಡಿಯ ನಿವೇಶನ ಮಾರಿ ದುಬೈನಲ್ಲಿ ಫ್ಲಾಟು ಕೊಂಡರೆ ನಿವೇಶನದ ಲಾಭದ ಮೇಲಿನ ತೆರಿಗೆ ಪೂರ್ತಿಯಾಗಿ ತೆರಲೇಬೇಕು.

ಅಲ್ಲಿಯ ನೆಲ, ಅಲ್ಲಿಯ ಕಾನೂನು

ಬೆಳಗಾವಿಯವರಿಗೆ ಒಡೆತನದ ಸೂಕ್ಷ್ಮಗಳನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕೋಟೆಯ ಆಚೆಯ ಕ್ಯಾಂಪ್ ಪ್ರದೇಶದಲ್ಲಿ ಅಡ್ಡಾಡಿದವರಿಗೆ, ಬಂಗಲೆ ಒಬ್ಬರದಾಗಿದ್ದು ಕೆಳಗಿನ ನೆಲ ಸರ್ಕಾರದ್ದಾಗಿರಬಹುದು ಎಂಬುದು ಗೊತ್ತು. ಪರದೇಶದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮಾಲಕಿ ಹಕ್ಕೋ, ದೀರ್ಘಾವಧಿ ಗುತ್ತಿಗೆಯೋ? ದುಬೈನ 2006ರ 7ನೇ ಕಾನೂನು ವಿದೇಶಿಯರಿಗೆ ಪೂರ್ಣ ಒಡೆತನ ನೀಡುವುದು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಲಂಡನ್ನಿನ ಫ್ಲಾಟುಗಳು ಬಹುತೇಕ ಗುತ್ತಿಗೆಯವು. ಥಾಯ್ಲೆಂಡಿನಲ್ಲಿ ವಿದೇಶಿಯು ಸಾಮಾನ್ಯವಾಗಿ ನೆಲದ ಒಡೆಯನಾಗುವಂತಿಲ್ಲ. ಕಟ್ಟಡವೊಂದರ ಒಟ್ಟು ವಿಸ್ತೀರ್ಣದ ಶೇ. 49ರವರೆಗೆ ಮಾತ್ರ ವಿದೇಶಿಯರ ಹೆಸರಿನಲ್ಲಿರಬಹುದು.

ವಿದೇಶಿ ಕೊಳ್ಳುವವನ ಮೇಲೆ ಆಯಾ ದೇಶಗಳ ಕಣ್ಣೂ ಬಿಗಿಯಾಗುತ್ತಿದೆ. ಸಿಂಗಪುರವು 2023ರ ಏಪ್ರಿಲ್‌ನಿಂದ ವಿದೇಶಿಯರ ಮನೆ ಖರೀದಿಗೆ ಶೇ. 60 ಹೆಚ್ಚುವರಿ ಮುದ್ರಾಂಕ ಶುಲ್ಕ ವಿಧಿಸಿದೆ. ಕೆನಡಾ 2023ರ ಜನವರಿ 1ರಿಂದ ಬಹುಪಾಲು ವಿದೇಶಿಯರಿಗೆ ಮನೆ ಮಾರಾಟವನ್ನೇ ನಿಲ್ಲಿಸಿತು. ಐದು ಲಕ್ಷ ಯೂರೋ ಬೆಲೆಯ ಮನೆ ಕೊಂಡರೆ ವಾಸದ ಪರವಾನಗಿ ಎಂದು 2012ರಿಂದ ಕರೆಯುತ್ತಿದ್ದ ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ ಸ್ಥಿರಾಸ್ತಿಯ ದಾರಿಯನ್ನು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಸ್ಪೇನ್ ಕೂಡ ಅದನ್ನೇ ಮಾಡಿತು. ವೀಸಾ ಸಿಗುತ್ತದೆಂಬ ಒಂದೇ ಕಾರಣಕ್ಕೆ ಮನೆ ಕೊಳ್ಳುವುದು ಎಷ್ಟು ಅಸ್ಥಿರ ಎಂಬುದಕ್ಕೆ ಇವು ಸಾಕಷ್ಟು ನಿದರ್ಶನ. ದುಬೈನಲ್ಲಿಯೂ 2008ರ ಕೊನೆಯಲ್ಲಿ ಬೆಲೆಗಳು ಕುಸಿದು ಅನೇಕ ಯೋಜನೆಗಳು ಅರ್ಧಕ್ಕೆ ನಿಂತಿದ್ದವು. ಅದಕ್ಕೆ ಹಿಂದಿನ ವರ್ಷ ಬಂದಿದ್ದ ಎಸ್ಕ್ರೋ ಖಾತೆಯ ಕಾನೂನು ಇಂದು ಕೊಳ್ಳುವವನಿಗಿರುವ ಮುಖ್ಯ ರಕ್ಷಣೆ. ಆ ಖಾತೆಯ ಹೊರತು ಬೇರೆಲ್ಲಿಯೂ, ಏಜೆಂಟನ ಕೈಗಂತೂ ಖಂಡಿತ, ಹಣ ಕೊಡಬಾರದು. ಮೇಲೆ ಭೂ ಇಲಾಖೆಯ ಶುಲ್ಕ ಶೇ. 4, ದಲ್ಲಾಳಿ, ವರ್ಷ ವರ್ಷದ ನಿರ್ವಹಣಾ ಶುಲ್ಕ. ಬಾಡಿಗೆಯ ಪ್ರತಿಶತ ಹೇಳುವವರು ಇವನ್ನು ಕಳೆದು ಹೇಳುವುದು ಅಪರೂಪ.

ಮನೆ ನಮ್ಮದಾದರೂ ಬಳಕೆ ನಮ್ಮ ಇಚ್ಛೆಯಂತಿರದು ಎಂಬುದಕ್ಕೆ ಲಂಡನ್ನಿನಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಡಾ. ಬಿ.ಆರ್. ಅಂಬೇಡ್ಕರ್ ಅವರು 1921-22ರಲ್ಲಿ ವಿದ್ಯಾರ್ಥಿಯಾಗಿ ವಾಸಿಸಿದ್ದ ಕಿಂಗ್ ಹೆನ್ರೀಸ್ ರಸ್ತೆಯ ಮನೆಯನ್ನು ಮಹಾರಾಷ್ಟ್ರ ಸರ್ಕಾರವು 2015ರಲ್ಲಿ ಖರೀದಿಸಿ ಸ್ಮಾರಕವಾಗಿಸಿತು. ವಾಸದ ಮನೆಯನ್ನು ವಸ್ತುಸಂಗ್ರಹಾಲಯವಾಗಿಸಲು ಸ್ಥಳೀಯ ಕ್ಯಾಮ್ಡೆನ್ ಪುರಸಭೆಯ ಅನುಮತಿ ಬೇಕಿತ್ತು. ಅರ್ಜಿಯನ್ನು ಪುರಸಭೆ ತಿರಸ್ಕರಿಸಿತು. ಸಾರ್ವಜನಿಕ ವಿಚಾರಣೆ ನಡೆದು 2020ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರದ ಮಂತ್ರಿಯ ಮಟ್ಟದಲ್ಲಿ ಅನುಮತಿ ದೊರೆಯಬೇಕಾಯಿತು. ಒಂದು ರಾಜ್ಯ ಸರ್ಕಾರಕ್ಕೇ ಹೀಗಾದ ಮೇಲೆ, ಮೇಲಿನ ಮಹಡಿಯಲ್ಲಿ ವಾಸ, ಕೆಳಗೆ ಮಾಲಿನ ದಾಸ್ತಾನು ಎಂದು ಯೋಚಿಸುವ ವ್ಯಾಪಾರಿಯು ಬಳಕೆಯ ನಿಯಮಗಳನ್ನು ಮೊದಲೇ ಓದಿಸಿಕೊಳ್ಳಬೇಕು.

ವಾರಸಾ ವಿಚಾರವೂ ಹಾಗೆಯೇ. ಸ್ಥಿರಾಸ್ತಿಯ ಉತ್ತರಾಧಿಕಾರಕ್ಕೆ ಸಾಮಾನ್ಯವಾಗಿ ಆ ನೆಲದ ಕಾನೂನೇ ಪ್ರಮಾಣ. ದುಬೈನಲ್ಲಿ ಮುಸ್ಲಿಮೇತರರು ಮರಣಪತ್ರ ನೋಂದಾಯಿಸಲು 2015ರಿಂದ ಪ್ರತ್ಯೇಕ ವ್ಯವಸ್ಥೆಯಿದೆ. ಆಸ್ತಿ ಕೊಂಡವರು ಅದನ್ನು ಬಳಸಿಕೊಳ್ಳದೆ ಬಿಟ್ಟರೆ ತೊಂದರೆಗೀಡಾಗುವವರು ಇಲ್ಲಿರುವ ಪತ್ನಿ ಮಕ್ಕಳು.

ಪರದೇಶಿಯು ಇತ್ತ ಬಂದಾಗ

ಕೊನೆಯದಾಗಿ, ಖಾನಾಪುರ ಹಾಗೂ ಬೆಳಗಾವಿಗೆ ವಿಶೇಷವಾಗಿ ಸಂಬಂಧಿಸಿದ ಮಾತು. 1961ರ ಡಿಸೆಂಬರ್ 19ಕ್ಕೆ ಮುನ್ನ ಗೋವೆಯಲ್ಲಿ ಹುಟ್ಟಿದವರು ಹಾಗೂ ಅವರ ಸಂತತಿಯವರು ಪೋರ್ಚುಗಲ್ಲಿನ ಪೌರತ್ವ ಪಡೆಯಲು ಆ ದೇಶದ ಕಾನೂನಿನಲ್ಲಿ ಅವಕಾಶವಿರುವುದರಿಂದ, ಗೋವೆಯ ಮೂಲದ ಅನೇಕರು ಅದನ್ನು ಬಳಸಿ ಬ್ರಿಟನ್ ಮೊದಲಾದೆಡೆ ನೆಲೆಸಿದ್ದಾರೆ. 1955ರ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ಹೋಗುತ್ತದೆ. ಹುಟ್ಟಿದ ಊರಿನಲ್ಲಿ ಆತ ವಿದೇಶಿಯಾಗುತ್ತಾನೆ. ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಕಾರ್ಡು ಪಡೆದರೆ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಾ ರೀತ್ಯಾ ಬಂದದ್ದನ್ನು ಇಟ್ಟುಕೊಳ್ಳಬಹುದು. ಕೃಷಿ ಜಮೀನನ್ನು ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು. ಕರ್ನಾಟಕವು 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರಿಗೂ ಜಮೀನು ಖರೀದಿಯನ್ನು ಮುಕ್ತಗೊಳಿಸಿದಾಗ, ಇನ್ನು ಜಾಂಬೋಟಿಯ ಕಡೆ ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂಬ ಭಾವನೆ ಹುಟ್ಟಿತು. ರಾಜ್ಯದ ತಡೆ ಹೋಯಿತೇ ಹೊರತು ಫೆಮಾದ ತಡೆ ಹೋಗಿಲ್ಲ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ನೆರೆಯ ಗೋವೆಯಲ್ಲಿ ಆಸ್ತಿ ಕೊಂಡ ಪ್ರಕರಣಗಳು ವಿವಾದವಾಗಿದ್ದವು. 182 ದಿನ ಮೀರಿದ ವಾಸದ ಜೊತೆಗೆ ವಾಸದ ಉದ್ದೇಶವೂ ಪರಿಗಣನೆಗೆ ಬರುತ್ತದೆ ಎಂಬುದು ಫೆಮಾದ ನಿಲುವು.

ಗೋವೆಯ ಕುಟುಂಬಗಳಿಂದ ಬೆಳಗಾವಿಯಲ್ಲಿ ಮನೆ ಕೊಳ್ಳುವವರು 2019ರ ಸೆಪ್ಟೆಂಬರ್ 13ರ ಸುಪ್ರೀಂ ಕೋರ್ಟಿನ ತೀರ್ಪನ್ನು ಗಮನಿಸಬೇಕು. ಗೋವೆಯ ವ್ಯಕ್ತಿಯೊಬ್ಬರ ಮುಂಬೈನ ಆಸ್ತಿಯ ಉತ್ತರಾಧಿಕಾರದ ಪ್ರಶ್ನೆಯಲ್ಲಿ ನ್ಯಾಯಾಲಯವು, ಗೋವೆಯಲ್ಲಿ ಕಾಯಂ ನೆಲೆಯುಳ್ಳವರ ಆಸ್ತಿ ಭಾರತದಲ್ಲಿ ಎಲ್ಲಿದ್ದರೂ ಅಲ್ಲಿ ಅನ್ವಯಿಸುವ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯೇ ಉತ್ತರಾಧಿಕಾರಕ್ಕೆ ಆಧಾರ ಎಂದು ಹೇಳಿತು. ಆ ಸಂಹಿತೆಯಲ್ಲಿ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಸಮಪಾಲಿನದು. ಮಕ್ಕಳಿಗೆ ತಪ್ಪಿಸಲಾಗದ ಹಕ್ಕುಂಟು. ಉತಾರೆಯಲ್ಲಿ ಗಂಡನ ಹೆಸರೊಂದೇ ಇದ್ದರೂ ಹೆಂಡತಿಯ ಸಹಿ ಇಲ್ಲದೆ ಖರೀದಿ ಪತ್ರ ಮಾಡಿಸಿಕೊಂಡರೆ ಮುಂದೆ ದಾವೆಗೆ ಎಡೆಯಾಗಬಹುದು.

ಮಾರುವವನು ಅನಿವಾಸಿಯಾಗಿದ್ದರೆ ತೆರಿಗೆ ಕಡಿತದ ಹೊಣೆ ಕೊಳ್ಳುವವನದು. ನಿವಾಸಿಯಿಂದ 50 ಲಕ್ಷ ಅಥವಾ ಹೆಚ್ಚಿನ ಆಸ್ತಿ ಕೊಂಡಾಗ ಕಡಿಯುವ ಶೇ. 1 ಇಲ್ಲಿ ಸಾಲದು. ದೀರ್ಘಾವಧಿ ಬಂಡವಾಳ ಲಾಭದ ದರವಾದ ಶೇ. 12.5 ಹಾಗೂ ಅದರ ಮೇಲಿನ ಸರ್ಚಾರ್ಜ್, ಸೆಸ್ ಸೇರಿಸಿ ಕಡಿಯಬೇಕು, ಇಲ್ಲವೇ ಕಡಿಮೆ ಕಡಿತಕ್ಕೆ ಇಲಾಖೆಯಿಂದ ಪಡೆದ ಪ್ರಮಾಣಪತ್ರವನ್ನು ಮಾರುವವನು ಒದಗಿಸಬೇಕು. ಮೊತ್ತವು ಆತನ ಎನ್‌ಆರ್‌ಒ ಖಾತೆಗೆ ಹೋಗುವುದು ವಾಡಿಕೆ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಆತ ಹೊರಗೆ ಒಯ್ಯಬಹುದು. ಲಿಸ್ಬನ್ನಿನಲ್ಲೋ ಲಂಡನ್ನಿನಲ್ಲೋ ಇರುವ ಅಣ್ಣನ ಪರವಾಗಿ ತಮ್ಮನು ವಟಮುಖತ್ಯಾರ ಪತ್ರ ಹಿಡಿದು ಸಬ್ ರಜಿಸ್ಟ್ರಾರ್ ಕಚೇರಿಗೆ ಬಂದಾಗ, ಸಹಿ ಮಾಡುವವನು ಊರಿನವನೇ ಎಂದು ಶೇ. 1 ಕಡಿದು ಸುಮ್ಮನಾದರೆ, ಉಳಿದ ತೆರಿಗೆಯನ್ನು ಬಡ್ಡಿಸಹಿತ ಇಲಾಖೆಯು ಕೇಳುವುದು ಕೊಂಡವನನ್ನೇ.